ತಮ್ಮ ಹಿಂದೆ ಬರ್ತಿದಾನೆ

ಒಬ್ಬನೇ ಹೋಟೆಲಿಗೆ ಹೋಗಿ ಉಣ್ಣುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಒಪ್ಪುತ್ತೇನೆ. ಆದರೆ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ, ಜನ ಹೆಂಡತಿ, ಮಕ್ಕಳು, ಅತ್ತೆ, ಮಾವ, ನಾದಿನಿ ಎಲ್ಲರನ್ನೂ ಬಾಲದ ಹಾಗೆ ಕಟ್ಟಿಕೊಂಡು ಬಾಗಿಲಲ್ಲಿ ಕಾಯುತ್ತಿರುವಾಗ, ನೀವು ಒಬ್ಬರೇ ಹೋಗಿ ‘ನನಗೊಂದು ಮೇಜು’ ಎಂದು ಕೇಳಿ ನೋಡಿ. ಕರೆಯದೆ ಮದುವೆಗೆ ಬಂದವನನ್ನು ನೋಡುವ ಹಾಗೆ ನೋಡುತ್ತಾರೆ.

ನಮ್ಮ ಬೀದಿಯ ತುದಿಯಲ್ಲಿ, ಇಸ್ತ್ರಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ, ಒಂದು ಥಾಯ್ ಹೋಟೆಲಿದೆ. ಹದಿನಾರು ಮೇಜು. ತೀರಾ ಅಗ್ಗವಲ್ಲ, ಜೇಬಿಗೆ ಕತ್ತರಿಯೂ ಅಲ್ಲ. ಸ್ಕೂಲ್ ಮೇಷ್ಟರೊಬ್ಬರು ವಾರಕ್ಕೊಮ್ಮೆ ಸಂಸಾರ ಸಮೇತ ಬಂದು ಉಂಡು ಹೋಗಬಹುದು. ಅದಕ್ಕೇ ಅಷ್ಟು ಜನ. ಯಜಮಾನಿಗೆ ಐವತ್ತರ ಮೇಲೆ ವಯಸ್ಸು. ಥಾಯ್ ದೇಶದ ಒಂದು ಅಡುಗೆಮನೆಯಲ್ಲಿ ಹನ್ನೊಂದು ವರ್ಷ ಪಾತ್ರೆ ತೊಳೆದು, ಆಮೇಲೆ ಅಲ್ಲೇ ಸೌಟು ಹಿಡಿದು, ಕಲಿತು ಬಂದವಳು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಾರೆ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ನಾನೂ ಅಕ್ಕ ಎನ್ನುತ್ತೇನೆ. ಆ ಗಂಟಲು ಕೇಳಿದರೆ ಬೇರೇನಾದರೂ ಎನ್ನುವ ಧೈರ್ಯ ಬರುವುದಿಲ್ಲ. ಬಡಿಸುವವನೊಬ್ಬ ಇದ್ದಾನೆ, ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರ. ಅವನಿಗೆ ಉದ್ದಣ್ಣ ಎಂದೇ ಹೆಸರು ಬಿದ್ದಿದೆ.

ಆ ಹೋಟೆಲಿನಲ್ಲಿ ಒಂದು ಪದ್ಧತಿ. ರಶ್ ಹೊತ್ತಿನಲ್ಲಿ ಒಂಟಿಯಾಗಿ ಬಂದವರಿಗೆ ಮೇಜು ಇಲ್ಲ. ಪಕ್ಕದ ಗೋಡೆಗೆ ಒಂದು ಉದ್ದನೆಯ ಹಲಗೆ ಹೊಡೆದಿದ್ದಾರೆ, ಕೆಳಗೆ ಐದು ಸ್ಟೂಲು. ಒಂಟಿಗಳೆಲ್ಲ ಅಲ್ಲಿ ಸಾಲಾಗಿ, ಗೋಡೆಗೆ ಮುಖ ಮಾಡಿಕೊಂಡು, ಶಿಕ್ಷೆಗೆ ನಿಲ್ಲಿಸಿದ ಮಕ್ಕಳ ಹಾಗೆ ಕೂತು ಉಣ್ಣಬೇಕು. ಅವಳದೂ ತಪ್ಪಲ್ಲ ಬಿಡಿ. ನಾಲ್ಕು ಜನ ಕೂರುವ ಕಡೆ ಒಬ್ಬ ಮುದುಕ ಒಂದು ಗಂಟೆ ಕೂತು ಸೂಪು ಊದುತ್ತಿದ್ದರೆ ವ್ಯಾಪಾರ ಎಲ್ಲಿ ನಡೆಯಬೇಕು?

ಆದರೆ ನನಗೆ ಗೋಡೆ ಆಗುವುದಿಲ್ಲ. ಮೂವತ್ತೆಂಟು ವರ್ಷ ನಾನು ಲಿಫ್ಟ್ ಮೆಕ್ಯಾನಿಕ್. ಲಿಫ್ಟ್ ಓಡಾಡುವ ಆ ಬಾವಿಯೊಳಗೆ, ಪೆಟ್ಟಿಗೆಯ ತಲೆಯ ಮೇಲೆ ನಿಂತು, ಕಂಬಿಗಳಿಗೆ ಗ್ರೀಸ್ ಹಚ್ಚುತ್ತಾ, ಮೂಗಿನಿಂದ ಒಂದು ಗೇಣು ದೂರದಲ್ಲಿ ಬರೀ ಗೋಡೆ ನೋಡಿದವನು. ಗೋಡೆಯ ಆಚೆ ಜನ ಮಾತಾಡುವುದು, ನಗುವುದು, ಮಗುವನ್ನು ಗದರುವುದು, ಎಲ್ಲ ಕೇಳುತ್ತದೆ. ಮುಖ ಒಂದೂ ಕಾಣುವುದಿಲ್ಲ. ಲಿಫ್ಟ್ ಮಧ್ಯದಲ್ಲಿ ನಿಂತು ಸಿಕ್ಕಿಹಾಕಿಕೊಂಡವರನ್ನು ಎಷ್ಟು ಸಲ ಬಾಗಿಲು ಮೀಟಿ ಇಳಿಸಿದ್ದೇನೆ! ಇಳಿದವರು ತಮ್ಮವರನ್ನು ತಬ್ಬಿಕೊಳ್ಳಲು ಓಡುತ್ತಾರೆ. ಮೆಕ್ಯಾನಿಕ್‌ನ ಮುಖ ಯಾರು ನೋಡುತ್ತಾರೆ? ರಿಟೈರ್ ಆದ ಮೇಲಾದರೂ ವಾರಕ್ಕೊಂದು ಹೊತ್ತು ಮನುಷ್ಯರ ಮುಖ ನೋಡುತ್ತಾ ಉಣ್ಣಬೇಕು ಅನ್ನಿಸಿತು. ಅಷ್ಟೇ ನನ್ನ ಆಸೆ.

ಮನೆಯಲ್ಲಿ ಯಾರೂ ಇಲ್ಲವೇ ಎಂದು ಕೇಳಬೇಡಿ. ಮದುವೆ ಆಗಿತ್ತು, ನಾಲ್ಕು ವರ್ಷ. ಆಮೇಲೆ ಅವಳು ಅವಳ ದಾರಿ ಹಿಡಿದಳು. ತಪ್ಪು ನನ್ನದೇ. ಒಡಹುಟ್ಟಿದವರು ಇಲ್ಲ, ನಾನು ಹುಟ್ಟಿದ್ದು ನೋಡಿ ನಮ್ಮಪ್ಪ ಅಮ್ಮ ಒಂದು ಸಾಕು ಅಂದುಕೊಂಡರಂತೆ.

ಕಳೆದ ವರ್ಷ ಒಂದು ಭಾನುವಾರ ಬಾಗಿಲಲ್ಲಿ ಅಕ್ಕ ಕೇಳಿದಳು: "ಎಷ್ಟು ಜನ?"

"ಇಬ್ರು" ಅಂದುಬಿಟ್ಟೆ. ನಾಲಿಗೆಗೆ ಎಲುಬಿಲ್ಲ ನೋಡಿ.

"ಇನ್ನೊಬ್ರೆಲ್ಲಿ?"

"ತಮ್ಮ. ಹಿಂದೆ ಬರ್ತಿದಾನೆ."

ಕಿಟಕಿ ಪಕ್ಕದ ಮೇಜು ಕೊಟ್ಟಳು. ಬಾಗಿಲಿಗೆ ಎದುರು. ಎಂಥ ಜಾಗ! ಬರುವವರು, ಹೋಗುವವರು, ನೂಡಲ್ಸ್ ಹೀರುವ ಮಕ್ಕಳು, ಒಂದೇ ತಟ್ಟೆಗೆ ಕೈ ಹಾಕಿ ಜಗಳವಾಡುವ ಗಂಡ ಹೆಂಡತಿ, ಎಲ್ಲ ಕಾಣುತ್ತದೆ. ಎದುರಿಗೆ ತಮ್ಮನ ತಟ್ಟೆ, ತಮ್ಮನ ಚಮಚ. ಅರ್ಧ ಗಂಟೆ ಕಳೆದ ಮೇಲೆ ಸುಮ್ಮನೆ ಫೋನನ್ನು ಕಿವಿಗಿಟ್ಟು, "ಏನೋ ಇದು, ಮತ್ತೆ ಕೈ ಕೊಟ್ಟೆಯಲ್ಲೋ" ಎಂದು ಗೊಣಗಿ, ಹಸಿರು ಕರಿ ಎನ್ನುವ ಅವರ ಗೊಜ್ಜನ್ನೂ ಅನ್ನವನ್ನೂ ಒಬ್ಬನೇ ಮುಗಿಸಿ ಎದ್ದು ಬಂದೆ.

ಒಂದು ಸಲಕ್ಕೆ ಬಿಡಬೇಕಿತ್ತು. ಬಿಡಲಿಲ್ಲ. ಮುಂದಿನ ವಾರವೂ ತಮ್ಮ ಹಿಂದೆ ಬರುತ್ತಿದ್ದ. ಸುಳ್ಳು ಒಂದು ಹೇಳಿದರೆ ಅದಕ್ಕೆ ಊಟ, ಬಟ್ಟೆ, ಉದ್ಯೋಗ ಎಲ್ಲ ನಾವೇ ಕೊಡಬೇಕು. ತಮ್ಮನನ್ನು ದೂರದೂರಿನ ಬಸ್ಸಿನ ಡ್ರೈವರ್ ಮಾಡಿದೆ. ಡ್ಯೂಟಿ ಬದಲಾಗುತ್ತದೆ, ಕೊನೇ ಗಳಿಗೆಯಲ್ಲಿ ಬರಲಾಗುವುದಿಲ್ಲ. ಚಳಿಗಾಲದಲ್ಲಿ ಅವನ ಕಾಲು ಮುರಿಸಿದೆ. ಆರು ವಾರ ನೆಮ್ಮದಿ ಸಿಕ್ಕಿತು. ಅಕ್ಕ ಅಷ್ಟೂ ವಾರ ನಂಬಿದಳು. ನಂಬಿದ್ದು ಮಾತ್ರವಲ್ಲ, ಅವನ ಮೇಲೆ ಹಲ್ಲು ಕಡಿಯತೊಡಗಿದಳು.

"ನಿಮ್ಮ ತಮ್ಮ ಮನುಷ್ಯನೋ ಮರದ ಕೊರಡೋ? ವಯಸ್ಸಾದ ಅಣ್ಣ ಹೀಗೆ ದಾರಿ ಕಾಯೋದು ಅಂದ್ರೆ! ಬರ್ಲಿ ಒಂದಿನ, ಕಿವಿ ಹಿಂಡ್ತೀನಿ."

"ಪಾಪ, ಅವನಿಗೂ ಕೆಲಸ ಅಕ್ಕ."

"ನೀವು ಹೀಗೆ ಪಾಪ ಪಾಪ ಅಂತಾನೇ ಅವನು ತಲೆ ಮೇಲೆ ಕೂತಿರೋದು."

ಏಳು ತಿಂಗಳು ಹೀಗೇ ನಡೆಯಿತು. ಇಲ್ಲದ ತಮ್ಮನ ಪರವಾಗಿ ವಕಾಲತ್ತು ಮಾಡಿ ಮಾಡಿ ನನಗೇ ಅವನ ಮೇಲೆ ಸ್ವಲ್ಪ ಪ್ರೀತಿ ಬಂದುಬಿಟ್ಟಿತ್ತು, ನಗಬೇಡಿ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ನಾನು ನನ್ನ ಮೇಜಿನಲ್ಲಿ, ಬಾಗಿಲಿಗೆ ಮುಖ ಮಾಡಿ. ಒಂದು ಗಂಟೆಗೆ ಹತ್ತು ನಿಮಿಷ ಇತ್ತು. ಅರವತ್ತರ ಆಸುಪಾಸಿನ ಒಬ್ಬ ಗಂಡಸು ಒಳಗೆ ಬಂದ. ಬೋಳು ತಲೆ, ಅಗಲ ಕಿವಿ, ಹೊಸದಾಗಿ ಪಾಲಿಶ್ ಮಾಡಿದ ಬೂಟು. ಪರೀಕ್ಷೆಗೆ ಬಂದವನ ಮುಖ. ಅವನು ಅಕ್ಕನಿಗೆ ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು.

"ನಮ್ಮಣ್ಣ ಬಂದಿರ್ಬೇಕು. ವಯಸ್ಸಾದೋರು, ಕನ್ನಡಕ ಹಾಕಿರ್ತಾರೆ. ಒಬ್ರೇ."

ನನ್ನ ಮೂಗಿನ ಮೇಲೂ ಕನ್ನಡಕ. ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಸೊಂಟದ ಮೇಲೆ ಕೈ ಇಟ್ಟಳು.

"ಅಂತೂ ಬಂದ್ಯಾ ಮಹಾರಾಯ!"

"ಅಂದ್ರೆ?"

"ಮಾತಾಡ್ಬೇಡ. ಆ ದೇವರಂಥ ಮನುಷ್ಯನ್ನ ಎಷ್ಟು ಕಾಯಿಸ್ತೀಯಾ? ಉದ್ದಣ್ಣಾ, ನೋಡೋ, ತಮ್ಮ ಬಂದ!"

ಉದ್ದಣ್ಣ ಕೈಯಲ್ಲಿದ್ದ ತಟ್ಟೆಗಳನ್ನು ಹಾಗೇ ಹಿಡಿದು ನಿಂತು ಹಲ್ಲು ಬಿಟ್ಟ. ಅಡುಗೆಮನೆಯ ಕಿಂಡಿಯಿಂದ ಅಡುಗೆಯವನ ತಲೆ ಹೊರಗೆ ಬಂತು. ಅಕ್ಕ ಆ ಮನುಷ್ಯನ ತೋಳು ಹಿಡಿದು ಎಳೆದುಕೊಂಡು ಬಂದು ನನ್ನೆದುರು ನಿಲ್ಲಿಸಿದಳು.

ಅವನು ನನ್ನನ್ನೇ ನೋಡಿದ. ಗುರುತು ಹಿಡಿಯಲು ಒದ್ದಾಡುತ್ತಿದ್ದ. ಕೊನೆಗೆ ಅರ್ಧ ಅನುಮಾನದಲ್ಲಿ, "ಅಣ್ಣಾ...?" ಅಂದ.

ಅಲ್ಲ, ತಪ್ಪಾಯಿತು, ಬೇರೆ ಯಾರೋ ಎಂದು ನಾನು ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ಅಕ್ಕ ಅವನ ಹಿಂದೆ ನಿಂತಿದ್ದಳು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಬಾ, ಕೂತ್ಕೋ" ಅಂದೆ.

ಕೂತ. ಅಕ್ಕ ಅವನ ಕಿವಿ ಹಿಡಿದು ಒಂದು ಸಲ ತಿರುವಿಯೇ ಬಿಟ್ಟಳು. "ಕಾಲು ಹೇಗಿದೆ ಈಗ?"

"ಕಾಲಾ?"

"ವಾಸಿ ಆಯ್ತು, ಪೂರ್ತಿ ವಾಸಿ ಆಯ್ತು" ಎಂದು ನಾನು ಬಾಯಿ ಹಾಕಿದೆ. "ಎರಡು ಸೂಪು ಅಕ್ಕ, ಬೇಗ."

ಅವಳು ಅತ್ತ ಹೋದಳು. ಅವನು ಮೇಜಿನ ಮೇಲೆ ಬಾಗಿ ಮೆಲ್ಲಗೆ, "ನೀವು ನಮ್ಮಣ್ಣ ಅಲ್ಲ" ಎಂದ.

"ಅಲ್ಲ."

"ಹತ್ತೊಂಬತ್ತು ವರ್ಷ ಆಯ್ತು ನೋಡಿ. ಬದಲಾಗಿರ್ಬಹುದು ಅಂದ್ಕೊಂಡೆ. ಆದ್ರೆ ಮೂಗು ಅಷ್ಟೊಂದು ಬದಲಾಗಲ್ಲ."

"ಎರಡು ನಿಮಿಷ ಕೂತಿರಿ, ಸ್ವಾಮಿ. ನನ್ನ ಮರ್ಯಾದೆ ಪ್ರಶ್ನೆ." ಎಲ್ಲ ಹೇಳಿದೆ. ಮೇಜು, ಗೋಡೆ, ಬಸ್ಸು, ಮುರಿದ ಕಾಲು. ಹೇಳುವಾಗ ಬೆವೆತುಹೋದೆ. ಅವನು ಕೇಳಿ ಕೇಳಿ ಕೊನೆಗೆ ಭುಜ ಕುಣಿಸಿ ನಗತೊಡಗಿದ.

"ಪರವಾಗಿಲ್ಲ ಬಿಡಿ. ನಮ್ಮಣ್ಣ ಬರೋವರೆಗೂ ನಿಮ್ಮ ತಮ್ಮ ಆಗಿರ್ತೀನಿ. ಅವನು ಬಂದ ಮೇಲೆ ನೀವು ಏನಾದ್ರೂ ಹೇಳ್ಕೊಳ್ಳಿ."

"ದೊಡ್ಡಣ್ಣ ಅಂತ ಹೇಳ್ತೀನಿ."

"ಆಗ ನಿಮಗೆ ಇಬ್ರು!"

ಒಳ್ಳೆಯ ಮನುಷ್ಯ. ಬೇಕರಿ ಇಟ್ಟಿದ್ದಾನೆ, ಊರಿನ ಆ ಬದಿಯಲ್ಲಿ. ಸೂಪು ಬಂತು, ತೆಂಗಿನಹಾಲು, ಹುಳಿ, ಖಾರ, ಅದರಲ್ಲಿ ನಿಂಬೆಹುಲ್ಲಿನ ಕಡ್ಡಿ, ಶುಂಠಿಯ ದಾಯಾದಿಯಂಥ ಒಂದು ಬೇರಿನ ಚೂರು. ಅವನು ಕಡ್ಡಿಯನ್ನೂ ಬಾಯಿಗೆ ಹಾಕಿ ಎತ್ತು ಮೇಯುವ ಹಾಗೆ ಅಗಿಯತೊಡಗಿದ.

"ಅದನ್ನ ತಿನ್ನೋದಲ್ಲ, ಉಗೀರಿ."

"ಮತ್ತೆ ಯಾಕೆ ಹಾಕಿದಾರೆ?"

"ವಾಸನೆಗೆ. ನಿಮಗೆ ಈ ಊಟ ಹೊಸದಾ?"

"ಇದೇ ಮೊದಲು. ಅಣ್ಣನಿಗೂ ಇದೇ ಮೊದಲು. ಅದಕ್ಕೇ ನಮ್ಮಣ್ಣನ ಮಗಳು ಈ ಜಾಗ ಹುಡುಕಿದ್ದು." ಕಡ್ಡಿಯನ್ನು ಮೆಲ್ಲಗೆ ತಟ್ಟೆಯಂಚಿಗೆ ಇಟ್ಟ. "ಇಬ್ಬರಿಗೂ ಗೊತ್ತಿಲ್ಲದ ಊಟ ಆಗ್ಬೇಕು ಚಿಕ್ಕಪ್ಪ, ಇಲ್ದಿದ್ರೆ ಮೊದಲನೇ ತುತ್ತಿಗೇ ಅಜ್ಜಿ ಕೈ ರುಚಿ ಅಂತ ಶುರು ಮಾಡಿ ಕೊನೇ ತುತ್ತಿಗೆ ಹೊಡೆದಾಡ್ತೀರಿ ಅಂದ್ಳು."

ಜಗಳ ಹುಟ್ಟಿದ್ದು ಅವರ ತಾಯಿಯ ವಿಷಯಕ್ಕೇ. ಹತ್ತೊಂಬತ್ತು ವರ್ಷದ ಹಿಂದೆ ತಾಯಿಗೆ ಹೊಟ್ಟೆಯ ಆಪರೇಷನ್. ಅಣ್ಣ ಬೇರೆ ಊರಿನಲ್ಲಿದ್ದ. ಡಾಕ್ಟರು ಈಗಲೇ ಮಾಡಬೇಕು ಎಂದರು. ಇವನು ಅಣ್ಣನನ್ನು ಕೇಳದೆ ಸಹಿ ಹಾಕಿದ. ತಾಯಿ ಆಪರೇಷನ್ ಮೇಜಿನಿಂದ ಏಳಲಿಲ್ಲ. ಅಣ್ಣ ಬಂದವನು, "ನನ್ನನ್ನು ಒಂದು ಮಾತು ಕೇಳಲಿಲ್ಲ ನೀನು" ಎಂದನಂತೆ. ಅದೇ ಕೊನೆಯ ಮಾತು. ಈಗ ಇಬ್ಬರೂ ಒಂದೇ ಊರಿನಲ್ಲಿ, ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರ.

"ಇವತ್ತು ಬರ್ತಾನಾ?" ಎಂದು ಕೇಳಿದೆ.

"ಒಂದೇ ಸಲ ಬರ್ತೀನಿ ಅಂದಿದಾನಂತೆ. ನಾನು ಇಲ್ದಿದ್ರೆ ಅಲ್ಲಿಗೆ ಮುಗೀತಂತೆ. ಅದಕ್ಕೇ ಹತ್ತು ನಿಮಿಷ ಮುಂಚೆ ಬಂದೆ." ಅವನು ತಿರುಗಿ ಬಾಗಿಲು ನೋಡಿದ. ಅವನು ಕೂತಿದ್ದು ಬಾಗಿಲಿಗೆ ಬೆನ್ನು ಹಾಕಿ. ನನ್ನ ಜಾಗ ಬಾಗಿಲಿನ ಕಡೆ. "ಕಿವಿ ಸ್ವಲ್ಪ ಮಂದ ಅಂತೆ ಈಗ. ಮಿಷನ್ ಹಾಕ್ಕೊಂಡಿರ್ತಾನಂತೆ. ನಿಮಗೆ ಬಾಗಿಲು ಕಾಣುತ್ತಲ್ಲ, ನೋಡ್ತಾ ಇರಿ."

"ನೋಡ್ತೀನಿ" ಅಂದೆ. ಈ ಮಾತು ನೆನಪಿಟ್ಟುಕೊಳ್ಳಿ. ನೋಡುತ್ತೇನೆ ಎಂದವನು ನಾನು.

ಉದ್ದಣ್ಣ ಸಿಗಡಿ ತಂದಿಟ್ಟ. ಅಕ್ಕ ಪಕ್ಕದಲ್ಲೇ ಸುಳಿದಾಡುತ್ತಿದ್ದಳು. ಅವಳಿಗೆ ಕೇಳಲೆಂದು ಅವನು ದೊಡ್ಡ ದನಿಯಲ್ಲಿ, "ಅಣ್ಣ, ನೀನೇನೂ ತಿಂತಾನೇ ಇಲ್ವಲ್ಲ, ಹಾಕ್ಕೋ" ಎಂದು, ಒಂದು ಸಿಗಡಿಯ ಸಿಪ್ಪೆ ಸುಲಿದು, ಬಾಲ ಕಿತ್ತು, ನನ್ನ ತಟ್ಟೆಗೆ ಇಟ್ಟ. ನಾಟಕಕ್ಕೆ. ಆದರೆ ಬೇಕರಿಯವನ ಕೈ ನೋಡಿ, ಎಷ್ಟು ಅಚ್ಚುಕಟ್ಟಾಗಿ ಸುಲಿದ! ನನ್ನ ತಟ್ಟೆಗೆ ಬೇರೆಯವರ ಕೈ ಬಂದು ಎಷ್ಟು ವರ್ಷವಾಗಿತ್ತು, ನನಗೇ ಲೆಕ್ಕವಿಲ್ಲ.

ಆಗ ಗಾಜಿನ ಬಾಗಿಲಿನ ಆಚೆ ಒಬ್ಬ ಮುದುಕ ಬಂದು ನಿಂತ.

ಕಿವಿ ಸಾಕಿತ್ತು. ಅದೇ ಅಗಲ ಕಿವಿ, ಎಡಗಡೆಯದರಲ್ಲಿ ಮಿಷನ್. ಕನ್ನಡಕ. ಇಸ್ತ್ರಿಯ ಗೆರೆ ಕಾಣುವ ಬಿಳಿ ಅಂಗಿ. ಅವನು ಉದ್ದಣ್ಣನನ್ನು ಏನೋ ಕೇಳಿದ. ಉದ್ದಣ್ಣ ಬಗ್ಗಿ ಅವನ ಕಿವಿಯ ಹತ್ತಿರ ಏನೋ ಹೇಳಿ, ಒಳಗೆ ಒಂದು ಸಲ ಕಣ್ಣಾಡಿಸಿ, ತಲೆ ಅಲ್ಲಾಡಿಸಿದ. ಆಮೇಲೆ ಗೊತ್ತಾಯಿತು, ಒಬ್ಬನೇ ಕೂತಿರುವ ಗಂಡಸು ಯಾರಾದರೂ ಇದ್ದಾರಾ ಎಂದು ಕೇಳಿದನಂತೆ. ಗೋಡೆಯ ಹಲಗೆಯ ಮುಂದೆ ಅವತ್ತು ಐದೂ ಜನ ಕಾಲೇಜಿನ ಹುಡುಗಿಯರು. ಹಾಗೆ ಯಾರೂ ಇಲ್ಲ ಎಂದು ಉದ್ದಣ್ಣ ನಿಜವನ್ನೇ ಹೇಳಿದ್ದ.

ಮುದುಕ ಹೋಗಲಿಲ್ಲ. ಗಾಜಿಗೆ ಅಂಗೈ ಅಡ್ಡ ಹಿಡಿದು ಒಳಗೆ ನೋಡಿದ. ಒಂದೊಂದೇ ಮೇಜು. ನಮ್ಮ ಮೇಜನ್ನೂ ನೋಡಿದ. ಅವನಿಗೆ ಕಂಡದ್ದು ಒಂದು ಬೋಳು ತಲೆಯ ಹಿಂಭಾಗ. ಹತ್ತೊಂಬತ್ತು ವರ್ಷದ ಹಿಂದೆ ಅಲ್ಲಿ ಕೂದಲಿತ್ತೇನೋ. ಎದುರಿಗೆ ನಾನು ಬಾಯಲ್ಲಿ ಸಿಗಡಿ ಇಟ್ಟುಕೊಂಡು ಕೂತಿದ್ದೆ. ನಮ್ಮಿಬ್ಬರ ಕಣ್ಣು ಕೂಡಿತು. ನಾನು ಕಣ್ಣು ತಗ್ಗಿಸಿದೆ.

ಇಲ್ಲಿ ನಾನು ಏನೇನೋ ಹೇಳಬಹುದು. ಖಚಿತವಾಗಿರಲಿಲ್ಲ, ಬೇರೆ ಯಾರೋ ಇರಬಹುದು ಅಂದುಕೊಂಡೆ, ಅಂತೆಲ್ಲ. ಎಲ್ಲ ಬೂಟಾಟಿಕೆ. ಗೊತ್ತಿತ್ತು ನನಗೆ. ಇನ್ನೊಂದು ನಿಮಿಷ ಎಂದುಕೊಂಡೆ, ಅಷ್ಟೇ. ಈ ಸಿಗಡಿ ಮುಗಿಯಲಿ. ಅವನು ಇನ್ನೊಂದು ಸುಲಿಯುತ್ತಿದ್ದ, ಮೊದಲ ಸಲ ಬ್ರೆಡ್ಡು ಸುಟ್ಟು ಕರಿಕಲು ಮಾಡಿದ ಕಥೆ ಹೇಳುತ್ತಿದ್ದ, ನಗುತ್ತಿದ್ದ. ನಾನೂ ನಕ್ಕೆ. ತಲೆ ಎತ್ತಿದಾಗ ಗಾಜಿನಲ್ಲಿ ಯಾರೂ ಇರಲಿಲ್ಲ.

ಆಮೇಲೂ ಎಂಟು ನಿಮಿಷ ಹೇಳದೆ ಕೂತೆ. ಗೋಡೆಯ ಗಡಿಯಾರ ನೋಡಿದ್ದೇನೆ. ಅವನು, "ಒಂದೂ ಕಾಲು ಆಯ್ತಲ್ಲ, ಬಸ್ಸು ಸಿಗ್ಲಿಲ್ವೇನೋ" ಎಂದು ಅಂಗಿಯ ಕಾಲರ್ ಸರಿ ಮಾಡಿಕೊಂಡ. ಆಗ ಹೇಳಿದೆ.

"ಬಂದಿದ್ರು."

"ಯಾರು?"

"ನಿಮ್ಮಣ್ಣ. ಬಾಗಿಲಲ್ಲಿ ನಿಂತು ನೋಡಿದ್ರು. ಹೋದ್ರು."

ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕುರ್ಚಿ ಹಿಂದಕ್ಕೆ ಬಿತ್ತು, ಓಡಿದ. ಅರವತ್ತರ ಮನುಷ್ಯ, ಹೊಸ ಪಾಲಿಶ್‌ನ ಬೂಟಿನಲ್ಲಿ ಜಾರುತ್ತಾ ಓಡಿದ್ದನ್ನು ಕಿಟಕಿಯಿಂದ ನೋಡಿದೆ.

ಅಕ್ಕ ಧಾವಿಸಿ ಬಂದಳು. ಕುರ್ಚಿ ಎತ್ತಿ ನಿಲ್ಲಿಸಿದಳು. ನನ್ನ ಬೆನ್ನ ಮೇಲೆ ಕೈಯಿಟ್ಟಳು. "ಜಗಳ ಆಡಿದ್ನಾ? ಬಂದ ಅರ್ಧ ಗಂಟೆಗೇ ಶುರು ಮಾಡಿದ್ನಾ? ಬಿಡಿ, ಬೇಜಾರು ಮಾಡ್ಕೋಬೇಡಿ. ಇಂಥ ತಮ್ಮ ಇದ್ರೇನು ಬಿಟ್ರೇನು." ಉದ್ದಣ್ಣ ಕೇಳದೆಯೇ ಒಂದು ಲೋಟ ಬಿಸಿನೀರು ತಂದಿಟ್ಟ. ಅವರಿಬ್ಬರ ಆ ಕನಿಕರ ನನ್ನ ಮೈಮೇಲೆ ಕುದಿಯುವ ಎಣ್ಣೆ ಸುರಿದ ಹಾಗಿತ್ತು. ಆಗಲೂ ಬಾಯಿ ಬಿಡಲಿಲ್ಲ ನಾನು. ತಲೆ ಅಲ್ಲಾಡಿಸಿದೆ.

ಅವನು ಏದುಸಿರು ಬಿಡುತ್ತಾ ವಾಪಸು ಬಂದ. ಫೋನ್ ಕಿವಿಯಲ್ಲಿತ್ತು, ಅಣ್ಣನ ಮಗಳ ಹತ್ತಿರ ಮಾತಾಡುತ್ತಿದ್ದ. ಅಣ್ಣ ಬಸ್ಸು ಹತ್ತಿ ಆಗಿತ್ತು. "ಅವನು ಬರಲಿಲ್ಲ, ಇನ್ನು ನನಗೆ ಹೇಳಬೇಡ" ಎಂದು ಮಗಳಿಗೆ ಹೇಳಿ ಇಟ್ಟನಂತೆ. ಇವನು ಮಾಡಿದರೆ ಎತ್ತುತ್ತಿರಲಿಲ್ಲ. ಮಗಳು ಮಾಡಿದರೂ ಈಗ ಎತ್ತುತ್ತಿರಲಿಲ್ಲ.

"ನಿಮ್ಮ ಫೋನ್ ಕೊಡಿ" ಎಂದ ನನಗೆ. "ಗೊತ್ತಿಲ್ಲದ ನಂಬರ್ ಆದ್ರೆ ಎತ್ತಬಹುದು. ಆದ್ರೆ ನನ್ನ ದನಿ ಕೇಳಿದ ತಕ್ಷಣ ಇಡ್ತಾನೆ. ನೀವೇ ಹೇಳಿ."

"ಹೊರಗೆ ಹೋಗಿ ಹೇಳ್ತೀನಿ."

"ಹೊರಗೆ ಗಾಡಿ ಸದ್ದು. ಅವನಿಗೆ ಮೊದಲೇ ಕಿವಿ ಕೇಳಲ್ಲ. ಇಲ್ಲೇ ಹೇಳಿ. ಈಗ."

ನಂಬರು ಒತ್ತಿ ನನ್ನ ಕೈಗೆ ಕೊಟ್ಟ. ಎತ್ತಿದರು.

"ಯಾರು?" ಬಸ್ಸಿನ ಗುರುಗುಟ್ಟುವಿಕೆ, ಅದರ ಮೇಲೆ ಮುದುಕನ ಗಟ್ಟಿ ದನಿ.

ನಾನು ಬಾಯಿಗೆ ಕೈ ಅಡ್ಡ ಹಿಡಿದು, "ನಿಮ್ಮ ತಮ್ಮ ಬಂದಿದ್ರು" ಅಂದೆ.

"ಆಂ? ಜೋರಾಗಿ ಹೇಳಿ!"

"ನಿಮ್ಮ ತಮ್ಮ ಬಂದಿದ್ರು!"

"ಸುಳ್ಳು! ನಾನೇ ಕಣ್ಣಾರೆ ನೋಡಿದೀನಿ. ಒಬ್ರೂ ಇರ್ಲಿಲ್ಲ. ಯಾರ್ರೀ ನೀವು?"

"ಅವರು ನನ್ನ ಜೊತೆ ಕೂತಿದ್ರು!"

"ನಿಮ್ಮ ಜೊತೆ ಯಾಕೆ ಕೂತಿದ್ದ? ನೀವು ಅವನ ಕಡೆಯೋರಾ?"

ಹತ್ತಿರದ ಮೇಜಿನವರು ಚಮಚ ಕೆಳಗಿಟ್ಟಿದ್ದರು. ಅಕ್ಕ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಬೇಕರಿಯವನು ಎರಡೂ ಕೈ ಮುಗಿದ ಹಾಗೆ ಎದೆಗೆ ಒತ್ತಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದ.

ಕಣ್ಣು ಮುಚ್ಚಿ ಕೂಗಿದೆ.

"ಇಲ್ಲ ಸ್ವಾಮಿ! ನಾನು ಯಾರ ಕಡೆಯೋನೂ ಅಲ್ಲ! ನನಗೆ ಯಾರೂ ಇಲ್ಲ! ಒಬ್ಬನೇ ಬಂದ್ರೆ ಇಲ್ಲಿ ಮೇಜು ಕೊಡಲ್ಲ, ಅದಕ್ಕೆ ತಮ್ಮ ಇದಾನೆ ಅಂತ ಸುಳ್ಳು ಹೇಳ್ತಿದ್ದೆ!"

"ಏನು ಇದಾನೆ?"

"ತಮ್ಮ! ತಮ್ಮ! ನನಗೆ ತಮ್ಮ ಇಲ್ಲ! ಏಳು ತಿಂಗಳಿಂದ ಸುಳ್ಳು! ಇವತ್ತು ನಿಮ್ಮ ತಮ್ಮ ಅಣ್ಣ ಎಲ್ಲಿ ಅಂತ ಕೇಳ್ಕೊಂಡು ಬಂದ್ರು, ಅವರನ್ನ ನನ್ನ ಮೇಜಿಗೆ ಕೂರಿಸಿದ್ರು! ನೀವು ಗಾಜಿನಲ್ಲಿ ನೋಡಿದ್ರಲ್ಲ, ಬೋಳು ತಲೆ, ಅದು ಅವರೇ! ನಿಮ್ಮನ್ನ ನಾನು ನೋಡಿದೆ! ನೋಡೀ ಹೇಳ್ಲಿಲ್ಲ!"

ಅಡುಗೆಮನೆಯಲ್ಲಿ ಬಾಣಲೆ ಮಾತ್ರ ಚುರ್ ಎನ್ನುತ್ತಿತ್ತು.

ಆ ಕಡೆಯಿಂದ ಮುದುಕನ ದನಿ, ಮೊದಲಿನಷ್ಟು ಗಟ್ಟಿಯಾಗಿ ಅಲ್ಲ: "ಅವನು ಎಷ್ಟು ಹೊತ್ತಿಗೆ ಬಂದ?"

"ಒಂದಕ್ಕೆ ಹತ್ತು ನಿಮಿಷ ಮುಂಚೆ!"

"ಮುಂಚೇನೇ?"

"ಮುಂಚೇನೇ!"

"...ಕೂದಲೆಲ್ಲ ಹೋಯ್ತಾ ಅವನಿಗೆ?"

"ಒಂದೂ ಇಲ್ಲ!"

"ಕೊಡಿ ಅವನಿಗೆ."

ಬೇಕರಿಯವನು ನನ್ನ ಕೈಯಿಂದ ಫೋನ್ ಕಸಿದುಕೊಂಡು ಬಾಗಿಲ ಹತ್ತಿರ ಹೋದ. ನನಗೆ ಬೆನ್ನು ಮಾತ್ರ ಕಾಣುತ್ತಿತ್ತು. "ಅಣ್ಣ" ಎಂದ. ಮತ್ತೆ "ಅಣ್ಣ" ಎಂದ. ನನಗೆ ಎರಡು ಸಲ ಅದೇ ಶಬ್ದ ಹೇಳಿದ್ದ ಆ ಬಾಯಿ. ಅದೇ ಶಬ್ದ ಎಂದು ಯಾರೂ ಹೇಳಲಾರರು.

ಮುಂದಿನ ಸ್ಟಾಪಿನಲ್ಲಿ ಇಳಿದು ನಿಂತಿರುತ್ತೇನೆ ಎಂದನಂತೆ ಅಣ್ಣ. ಫೋನ್ ವಾಪಸು ತಂದು ಮೇಜಿನ ಮೇಲಿಟ್ಟ. ನನ್ನ ಮುಖ ನೋಡಿದ.

"ಅವನು ಗಾಜಿನ ಹತ್ರ ನಿಂತಾಗ್ಲೇ ಹೇಳಿದ್ರೆ..." ಎಂದ. ಹೊರಟುಹೋದ. ನೀವೂ ಬನ್ನಿ ಎನ್ನಲಿಲ್ಲ. ಯಾಕೆ ಅನ್ನಬೇಕು? ಲಿಫ್ಟಿನಿಂದ ಇಳಿದವರು ಮೆಕ್ಯಾನಿಕ್‌ನನ್ನು ಮನೆಗೆ ಕರೆಯುವುದಿಲ್ಲ. ಇಲ್ಲಿ ಲಿಫ್ಟ್ ನಿಲ್ಲಿಸಿದವನೂ ನಾನೇ ಆಗಿದ್ದೆ.

ಜನ ಮತ್ತೆ ಮಾತಿಗೆ ತೊಡಗಿದರು, ಸ್ವಲ್ಪ ಬೇಕೆಂದೇ ಜೋರಾಗಿ. ಅಕ್ಕ ನನ್ನೆದುರಿನ ಕುರ್ಚಿಯಲ್ಲಿ ಕೂತಳು. ಏಳು ತಿಂಗಳಲ್ಲಿ ಅವಳು ಕೂತದ್ದು ನಾನು ನೋಡಿರಲಿಲ್ಲ.

"ಬಸ್ ಡ್ರೈವರ್ರು?"

"ಇಲ್ಲ ಅಕ್ಕ."

"ಕಾಲು ಮುರಿದಿದ್ದು?"

"ಅದೂ ಇಲ್ಲ."

"ಅವನಿಗೆ ಅಂತ ನಾನು ಸೂಪು ಕಟ್ಟಿ ಕೊಟ್ಟೆನಲ್ಲ, ಮೂರು ಸಲ! ಖಾರ ಕಡಿಮೆ ಮಾಡಿ, ಬೇರೆ ಮಾಡಿಸಿ!"

"ನಾನೇ ಕುಡಿದೆ."

ಅವಳು ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನನಗೊಬ್ಬ ತಮ್ಮ ಇದಾನೆ. ವರ್ಷಕ್ಕೊಂದು ಸಲಾನೂ ಫೋನ್ ಮಾಡಲ್ಲ. ನಿಮ್ಮ ತಮ್ಮನ್ನ ಬೈದ್ರೆ ನನಗೆ ಎಷ್ಟು ಹಗುರ ಆಗ್ತಿತ್ತು ಗೊತ್ತಾ? ಭಾನುವಾರ ಆಗ್ಲಿ, ಬೈಯೋಣ ಅಂತ ಕಾಯ್ತಿದ್ದೆ. ಇಲ್ಲದೋನನ್ನ ಬೈದೆನಲ್ಲ ಇಷ್ಟು ದಿನ!"

"ತಪ್ಪಾಯ್ತು."

"ನಾನು ಒಬ್ಬನೇ ಇದೀನಿ ಅಂತ ಒಂದು ಮಾತು ಹೇಳಿದ್ರೆ ನಾನೇನು ಓಡಿಸ್ತಿದ್ನಾ?"

"ಗೋಡೆಗೆ ಕೂರಿಸ್ತಿದ್ರಿ."

ಕೂರಿಸುತ್ತಿದ್ದಳು, ಇಬ್ಬರಿಗೂ ಗೊತ್ತು. ಬಾಗಿಲ ಕಡೆ ನೋಡಿದಳು. ಒಂದು ಸಂಸಾರ ಕೂಸನ್ನು ಭುಜ ಬದಲಿಸುತ್ತಾ ಕಾಯುತ್ತಿತ್ತು. ಎದ್ದಳು. "ಊಟ ಮುಗಿಸಿ. ಅವಸರ ಇಲ್ಲ" ಅಂದಳು. ಅವಸರ ಇತ್ತು. ನಾನು ಮುಗಿಸದೆ ಎದ್ದೆ.

ಈಗ ನಾನು ಮಂಗಳವಾರ ಮೂರು ಗಂಟೆಗೆ ಹೋಗುತ್ತೇನೆ. ಆ ಹೊತ್ತಿನಲ್ಲಿ ಹದಿನಾರು ಮೇಜೂ ಖಾಲಿ. "ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ" ಎನ್ನುತ್ತಾಳೆ ಅಕ್ಕ, ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ. ಕೋಪವಿಲ್ಲ, ಮೊದಲಿನ ಸಲಿಗೆಯೂ ಇಲ್ಲ. ಬೈಯುವುದಕ್ಕೆ ಯಾರೂ ಇಲ್ಲದ ಮೇಲೆ ನಮ್ಮಿಬ್ಬರಿಗೆ ಮಾತೂ ಇಲ್ಲ. ಒಳಗೆ ಉದ್ದಣ್ಣನೂ ಅಡುಗೆಯವನೂ ತಮ್ಮ ಊಟಕ್ಕೆ ಕೂತು ಏನೋ ಹೇಳಿಕೊಂಡು ನಗುತ್ತಿರುತ್ತಾರೆ.

ಹೋದ ವಾರ ಅಲ್ಲಿ ಕೂತು ಫೋನ್ ತೆಗೆದೆ. ಅವತ್ತು ಮಾಡಿದ ನಂಬರು ಅದರಲ್ಲೇ ಉಳಿದಿತ್ತು. ಸುಮಾರು ಸಲ ತೆಗೆದು ನೋಡಿ ಮುಚ್ಚಿದ್ದೆ. ಅಂದು ಯಾಕೋ ಬೆರಳು ಒತ್ತಿಬಿಟ್ಟಿತು.

"ಯಾರು?" ಅದೇ ಗಟ್ಟಿ ದನಿ.

ಹೇಗಿದ್ದೀರಿ ಎಂದು ಕೇಳಲು ನಾನ್ಯಾರು?

"ಹಲೋ? ಯಾರ್ರೀ? ಜೋರಾಗಿ ಹೇಳಿ!"

ಹಿಂದಿನಿಂದ ಇನ್ನೊಂದು ದನಿ ಬಂತು, ಬಾಯಲ್ಲಿ ಏನೋ ತುಂಬಿಕೊಂಡ ದನಿ: "ಯಾರಣ್ಣ ಅದು?"

"ಗೊತ್ತಿಲ್ಲ ಕಣೋ. ಯಾರೋ. ಮಾತೇ ಆಡ್ತಿಲ್ಲ."

"ಇಡು ಅತ್ಲಾಗೆ. ಟೀ ಆರ್ತಿದೆ."

ಇಟ್ಟರು. ನಾನು ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಅಕ್ಕ ಒಂದು ಗಳಿಗೆ ತಲೆ ಎತ್ತಿ ನೋಡಿದಳು, ಮತ್ತೆ ಲೆಕ್ಕಕ್ಕೆ ಬಗ್ಗಿದಳು. ಸೂಪಿನ ಮೇಲೆ ತೆಂಗಿನಹಾಲು ಕೆನೆ ಕಟ್ಟತೊಡಗಿತ್ತು. ಚಮಚದಿಂದ ಕಲಕಿ ಕುಡಿದೆ.